ಕೋಡಿನ ಇಂಡೆಂಟೇಶನ್ ತಾನಾಗಿ ಸರಿಯಿರಬೇಕೆ? ಎಡಿಟರನ್ನು ಹೀಗೆ ಸಜ್ಜುಗೊಳಿಸಿ

ನನ್ನ ಪರದೆಯ ಮೇಲೆ ಅಚ್ಚುಕಟ್ಟಾಗಿದ್ದ ಒಂದು ಫೈಲು ಸಹೋದ್ಯೋಗಿಯ ಪರದೆಯ ಮೇಲೆ ಗರಗಸದ ಹಲ್ಲಿನಂತೆ ಕಂಡಿತ್ತು. ನಾನು ಟ್ಯಾಬಿನ ಅಗಲವನ್ನು 4ಕ್ಕೆ ಇಟ್ಟುಕೊಂಡಿದ್ದೆ, ಅವರು 8ಕ್ಕೆ. ಕೆಲವು ಸಾಲುಗಳು ಟ್ಯಾಬಿನಿಂದ ಶುರುವಾಗಿದ್ದವು, ಕೆಲವು ಸ್ಪೇಸಿನಿಂದ. ಅದನ್ನು ನೇರ ಮಾಡುವ ಉತ್ಸಾಹದಲ್ಲಿ ಇಡೀ ಫೈಲನ್ನು ಒಮ್ಮೆಗೇ ಮರುಜೋಡಿಸಿದೆ. ನಾನು ನಿಜಕ್ಕೂ ಬದಲಿಸಿದ್ದು ಎರಡೇ ಸಾಲು. ಆದರೆ ಕಮಿಟ್‌ನಲ್ಲಿ, ಅಂದರೆ ಕೋಡಿನ ಇತಿಹಾಸಕ್ಕೆ ಸೇರಿಸಿದ ಬದಲಾವಣೆಯ ದಾಖಲೆಯಲ್ಲಿ, ಫೈಲಿನ ಪ್ರತಿಯೊಂದು ಸಾಲೂ ಬದಲಾದಂತೆ ಕಂಡಿತು, ಪರಿಶೀಲಿಸುವವರಿಗೆ ಆ ಎರಡು ಸಾಲು ಎಲ್ಲಿವೆ ಎಂಬುದೇ ತಿಳಿಯಲಿಲ್ಲ. ಈ ಲೇಖನದ ಹೆಜ್ಜೆಗಳ ಅನುಕ್ರಮ ಆ ಅನುಭವದಿಂದ ಬಂದದ್ದು. ಯಾವ ಸೆಟ್ಟಿಂಗ್ ಎಷ್ಟಿರಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು ಎಂಬುದು ಇಲ್ಲಿ ಹೆಚ್ಚು ಮುಖ್ಯ.

ಒಂದು ಸೂಚನೆ. ಆಜ್ಞೆಗಳು ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಹೆಚ್ಚಾಗಿ ಹೇಳಿರುವುದು ವಿಎಸ್ ಕೋಡ್, ವಿಮ್, ಈಮ್ಯಾಕ್ಸ್ ಎಂಬ ಮೂರು ಎಡಿಟರ್‌ಗಳ ಬಗ್ಗೆ.

ಇಂಡೆಂಟ್ ಬೇರೆ, ಅಲೈನ್ ಬೇರೆ

ಸೆಟ್ಟಿಂಗ್‌ಗಳಿಗೆ ಕೈಹಾಕುವ ಮೊದಲು ಈ ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಇಂಡೆಂಟ್ ಎಂದರೆ ಒಂದು ಸಾಲು ಎಷ್ಟು ಬ್ಲಾಕ್‌ಗಳ ಒಳಗಿದೆ ಎಂಬುದನ್ನು ಎಡಗಡೆಯ ಖಾಲಿ ಜಾಗದಿಂದ ತೋರಿಸುವುದು. ಅದು ಕೋಡಿನ ರಚನೆಗೆ ಸಂಬಂಧಪಟ್ಟದ್ದು. ಅಲೈನ್ ಮಾಡುವುದೆಂದರೆ ಮೇಲಿನ ಸಾಲಿನ ಒಂದು ಗುರುತಿಗೆ ಕೆಳಗಿನ ಸಾಲಿನ ಒಂದು ಗುರುತನ್ನು ನೇರಕ್ಕೆ ತರುವುದು. ಸಮ ಚಿಹ್ನೆಗಳನ್ನೆಲ್ಲ ಒಂದೇ ಕಾಲಮ್ಮಿಗೆ ತರುವುದು, ಫಂಕ್ಷನ್‌ನ ಎರಡನೆಯ ಸಾಲಿನ ಆರ್ಗ್ಯುಮೆಂಟನ್ನು ಮೊದಲ ಸಾಲಿನ ಆವರಣದ ಕೆಳಗೇ ನಿಲ್ಲಿಸುವುದು ಇದಕ್ಕೆ ಉದಾಹರಣೆ. ಇದು ಕಣ್ಣಿನ ಅನುಕೂಲಕ್ಕೆ ಮಾತ್ರ.

ಟ್ಯಾಬ್ ಎಂಬುದು ಆಸ್ಕಿ ಎಂಬ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ 9ನೆಯ ಸಂಕೇತ. ಅದಕ್ಕೆ ಸ್ವಂತ ಅಗಲವಿಲ್ಲ, ಮುಂದಿನ ನಿಲುಗಡೆಗೆ ಹಾರು ಎಂದಷ್ಟೇ ಅದರ ಅರ್ಥ. ನಿಲುಗಡೆಗಳ ನಡುವೆ ಎಷ್ಟು ದೂರ ಎಂಬುದನ್ನು ಓದುವವರ ಎಡಿಟರ್ ತೀರ್ಮಾನಿಸುತ್ತದೆ. ಸ್ಪೇಸ್, ಅಂದರೆ 32ನೆಯ ಸಂಕೇತ, ಸಮ ಅಗಲದ ಫಾಂಟಿನಲ್ಲಿ ಯಾವಾಗಲೂ ಒಂದು ಕಾಲಮ್. ಹಾಗಾಗಿ ಇಂಡೆಂಟಿಗೆ ಟ್ಯಾಬಾದರೂ ಆದೀತು, ಸ್ಪೇಸಾದರೂ ಆದೀತು. ಅಲೈನ್ ಮಾಡಲು ಮಾತ್ರ ಸ್ಪೇಸ್ ಒಂದೇ ದಾರಿ. ಟ್ಯಾಬ್ ಒತ್ತಿ ಅಲೈನ್ ಮಾಡಿದ ಕೋಡ್ ಬರೆದವರ ಯಂತ್ರದಲ್ಲಿ ಮಾತ್ರ ನೇರವಾಗಿರುತ್ತದೆ. ಸಾಲು ಹರಿದುಹೋದ ಫೈಲುಗಳನ್ನು ಬಿಚ್ಚಿ ನೋಡಿದಾಗ ನನಗೆ ಸಿಕ್ಕ ಕಾರಣ ಹೆಚ್ಚಿನ ಸಲ ಇದೇ.

ಹೆಜ್ಜೆ 1: ಕಾಣದ್ದನ್ನು ಕಾಣಿಸಿಕೊಳ್ಳಿ

ಟ್ಯಾಬೂ ಸ್ಪೇಸೂ ಒಂದೇ ರೀತಿ ಖಾಲಿಯಾಗಿ ಕಾಣುವವರೆಗೆ ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಕತ್ತಲಲ್ಲಿ ತಡಕಾಡಿದಂತೆ. ವಿಎಸ್ ಕೋಡ್‌ನಲ್ಲಿ ಸೆಟ್ಟಿಂಗ್‌ಗಳ ಹುಡುಕು ಪೆಟ್ಟಿಗೆಯಲ್ಲಿ ‘ರೆಂಡರ್ ವೈಟ್‌ಸ್ಪೇಸ್’ ಎಂದು ಹುಡುಕಿ ‘ಆಲ್’ ಆರಿಸಿ. ಸ್ಪೇಸ್ ಚುಕ್ಕಿಯಾಗಿ, ಟ್ಯಾಬ್ ಬಾಣವಾಗಿ ಕಾಣುತ್ತದೆ. ವಿಮ್‌ನಲ್ಲಿ ‘:ಸೆಟ್ ಲಿಸ್ಟ್’ ಸಾಕು, ಯಾವುದಕ್ಕೆ ಯಾವ ಗುರುತು ಎಂಬುದನ್ನು ‘ಲಿಸ್ಟ್‌ಚಾರ್ಸ್’ ನಿರ್ಧರಿಸುತ್ತದೆ. ಈಮ್ಯಾಕ್ಸ್‌ನಲ್ಲಿ ‘ವೈಟ್‌ಸ್ಪೇಸ್-ಮೋಡ್’ ಇದೆ. ಇದನ್ನು ಸದಾ ಚಾಲೂ ಇಡಬೇಕಿಲ್ಲ, ಚುಕ್ಕಿಗಳು ಕಣ್ಣಿಗೆ ಆಯಾಸ ತರುತ್ತವೆ. ಒಂದು ಫೈಲಿನ ಸ್ಥಿತಿ ತಿಳಿಯುವವರೆಗೆ ಸಾಕು.

ಹೆಜ್ಜೆ 2: ನಿಯಮವನ್ನು ಕೋಡಿನ ಜೊತೆಗೇ ಇಡಿ

ಟ್ಯಾಬ್ ಉತ್ತಮವೋ ಸ್ಪೇಸ್ ಉತ್ತಮವೋ ಎಂಬ ವಾದದಲ್ಲಿ ಸಮಯ ಕಳೆಯಬೇಡಿ. ಬಹಳಷ್ಟು ಕಡೆ ಆ ತೀರ್ಮಾನವನ್ನು ಭಾಷೆಯೋ ಯೋಜನೆಯೋ ಮೊದಲೇ ಮಾಡಿಬಿಟ್ಟಿರುತ್ತದೆ. ಪೈಥಾನ್‌ನ ಶೈಲಿ ಮಾರ್ಗಸೂಚಿಯಾದ ಪೆಪ್ 8 ಹೇಳುವುದು 4 ಸ್ಪೇಸ್. ಗೋ ಭಾಷೆಯ ಫಾರ್ಮ್ಯಾಟರ್ (ಕೋಡನ್ನು ತಾನಾಗಿ ಜೋಡಿಸುವ ಉಪಕರಣ) ‘ಗೋ ಎಫ್‌ಎಂಟಿ’ ಇಂಡೆಂಟಿಗೆ ಟ್ಯಾಬನ್ನೂ ಅಲೈನ್‌ಗೆ ಸ್ಪೇಸನ್ನೂ ಬಳಸುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ 8 ಕಾಲಮ್ಮಿನ ಟ್ಯಾಬ್ ಇರಲೇಬೇಕು. ಸೆಟ್ಟಿಂಗ್‌ಗಳನ್ನು ಬರೆಯಲು ಬಳಸುವ ಯಾಮಲ್ ಫೈಲುಗಳಲ್ಲಿ ಇಂಡೆಂಟಿಗೆ ಟ್ಯಾಬ್ ನಿಷಿದ್ಧ. ಪ್ರೋಗ್ರಾಮನ್ನು ಕಟ್ಟುವ ಆಜ್ಞೆಗಳಿರುವ ಮೇಕ್‌ಫೈಲ್‌ನಲ್ಲಿ ಇದರ ತಿರುಗುಮುರುಗು, ಆಜ್ಞೆಯ ಸಾಲು ಟ್ಯಾಬಿನಿಂದಲೇ ಶುರುವಾಗಬೇಕು. ಅಲ್ಲಿ ಸ್ಪೇಸ್ ಹಾಕಿದರೆ ‘ಮಿಸ್ಸಿಂಗ್ ಸೆಪರೇಟರ್’ ಎಂಬ ದೋಷ ಬಂದು ಕೆಲಸ ನಿಲ್ಲುತ್ತದೆ.

ಯೋಜನೆಯೊಂದರಲ್ಲಿ ಇಂಥ ಹಲವು ಬಗೆಯ ಫೈಲುಗಳು ಒಟ್ಟಿಗೇ ಇರುತ್ತವೆ. ಆದ್ದರಿಂದ ನಿಮ್ಮ ಎಡಿಟರ್‌ನಲ್ಲಿ ಒಂದೇ ಒಂದು ಅಂಕಿ ಬರೆದಿಟ್ಟುಕೊಂಡರೆ ಸಾಲದು. ಎಡಿಟರ್‌ಕಾನ್ಫಿಗ್ ಎಂಬ ಪದ್ಧತಿ ಹುಟ್ಟಿದ್ದು ಇದಕ್ಕಾಗಿಯೇ. ಯೋಜನೆಯ ಬೇರು ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಎಡಿಟರ್‌ಕಾನ್ಫಿಗ್’ ಎಂಬ ಫೈಲನ್ನು ಮಾಡಿ, ಅದರೊಳಗೆ ಹೀಗೆ ಬರೆಯಿರಿ:

ರೂಟ್ = ಟ್ರೂ

[*]
ಇಂಡೆಂಟ್_ಸ್ಟೈಲ್ = ಸ್ಪೇಸ್
ಇಂಡೆಂಟ್_ಸೈಜ್ = 4
ಟ್ರಿಮ್_ಟ್ರೇಲಿಂಗ್_ವೈಟ್‌ಸ್ಪೇಸ್ = ಟ್ರೂ
ಇನ್ಸರ್ಟ್_ಫೈನಲ್_ನ್ಯೂಲೈನ್ = ಟ್ರೂ

[ಮೇಕ್‌ಫೈಲ್]
ಇಂಡೆಂಟ್_ಸ್ಟೈಲ್ = ಟ್ಯಾಬ್

[*.ಎಂಡಿ]
ಟ್ರಿಮ್_ಟ್ರೇಲಿಂಗ್_ವೈಟ್‌ಸ್ಪೇಸ್ = ಫಾಲ್ಸ್

ಮೊದಲ ಸಾಲು ‘ಇನ್ನು ಮೇಲಿನ ಫೋಲ್ಡರ್‌ಗಳಲ್ಲಿ ಹುಡುಕಬೇಡ’ ಎನ್ನುತ್ತದೆ. ನಕ್ಷತ್ರ ಚಿಹ್ನೆಯ ಭಾಗ ಎಲ್ಲ ಫೈಲುಗಳಿಗೂ ಅನ್ವಯಿಸುತ್ತದೆ, ಕೆಳಗಿನ ಭಾಗಗಳು ಅದಕ್ಕೆ ಅಪವಾದಗಳು. ಮಾರ್ಕ್‌ಡೌನ್ (.ಎಂಡಿ) ಫೈಲುಗಳನ್ನು ಬೇರೆ ಮಾಡಿದ್ದಕ್ಕೆ ಕಾರಣವಿದೆ. ಅಲ್ಲಿ ಸಾಲಿನ ಕೊನೆಯ ಎರಡು ಸ್ಪೇಸ್‌ಗಳೆಂದರೆ ಹೊಸ ಸಾಲು ಎಂದರ್ಥ. ಅವುಗಳನ್ನು ಅಳಿಸಿದರೆ ಪಠ್ಯದ ರೂಪವೇ ಬದಲಾಗುತ್ತದೆ.

ಈ ಫೈಲನ್ನು ಜೆಟ್‌ಬ್ರೇನ್ಸ್‌ನ ಎಡಿಟರ್‌ಗಳು, ವಿಷುಯಲ್ ಸ್ಟುಡಿಯೋ, 0.9ನೆಯ ಆವೃತ್ತಿಯಿಂದೀಚಿನ ನಿಯೋವಿಮ್ ತಾವಾಗಿಯೇ ಓದುತ್ತವೆ. ವಿಎಸ್ ಕೋಡ್‌ಗೆ ಅದೇ ಹೆಸರಿನ ಎಕ್ಸ್‌ಟೆನ್ಶನ್ ಹಾಕಬೇಕು. ಈಮ್ಯಾಕ್ಸ್‌ನ 30ನೆಯ ಆವೃತ್ತಿಯಲ್ಲಿ ಇದು ಒಳಗೇ ಬರುತ್ತದೆ, ‘ಎಡಿಟರ್‌ಕಾನ್ಫಿಗ್-ಮೋಡ್’ ಚಾಲೂ ಮಾಡಿದರಾಯಿತು. ಈ ಫೈಲನ್ನು ಕಮಿಟ್ ಮಾಡಲು ಮರೆಯಬೇಡಿ. ನಿಮ್ಮ ಯಂತ್ರದಲ್ಲೇ ಉಳಿದರೆ ಅದರಿಂದ ಬೇರೆಯವರಿಗೆ ಪ್ರಯೋಜನವಿಲ್ಲ.

ಹೆಜ್ಜೆ 3: ಎಡಿಟರ್‌ನ ಒಳಗಿನ ಸೆಟ್ಟಿಂಗ್‌ಗಳು

ವಿಎಸ್ ಕೋಡ್‌ನಲ್ಲಿ ನೋಡಬೇಕಾದದ್ದು ಮೂರು ಸೆಟ್ಟಿಂಗ್‌ಗಳು. ‘ಟ್ಯಾಬ್ ಸೈಜ್’ ಎಂಬುದು ಅಗಲ, ‘ಇನ್ಸರ್ಟ್ ಸ್ಪೇಸಸ್’ ಎಂಬುದು ಟ್ಯಾಬ್ ಕೀಲಿ ಒತ್ತಿದಾಗ ಸ್ಪೇಸ್ ಬೀಳಬೇಕೆ ಎಂಬುದು. ಮೂರನೆಯದಾದ ‘ಡಿಟೆಕ್ಟ್ ಇಂಡೆಂಟೇಶನ್’ ಮೊದಲೇ ಚಾಲೂ ಇರುತ್ತದೆ. ಫೈಲ್ ತೆರೆದ ಕೂಡಲೇ ಅದು ಒಳಗಿನ ಸಾಲುಗಳನ್ನು ನೋಡಿ ಅಗಲವನ್ನು ಊಹಿಸುತ್ತದೆ, ಮೊದಲೆರಡು ಸೆಟ್ಟಿಂಗ್‌ಗಳನ್ನು ಬದಿಗೆ ಸರಿಸುತ್ತದೆ. ‘4 ಎಂದು ಬರೆದರೂ 2 ಬೀಳುತ್ತಿದೆ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಬೇರೆಯವರ ಕೋಡ್ ಹೆಚ್ಚಾಗಿ ತೆರೆಯುವವರಿಗೆ ಈ ಊಹೆ ಉಪಕಾರಿ, ಹಾಗೇ ಬಿಡಿ. ಒಂದೇ ನಿಯಮದ ಯೋಜನೆಯಲ್ಲಿ ಕೆಲಸ ಮಾಡುವವರು ಇದನ್ನು ಆಫ್ ಮಾಡುವುದು ಒಳ್ಳೆಯದು.

ಕೆಳಗಿನ ಪಟ್ಟಿಯ ಬಲಭಾಗದಲ್ಲಿ ‘ಸ್ಪೇಸಸ್: 4’ ಎಂಬ ಬರಹವಿದೆ. ಅದನ್ನು ಕ್ಲಿಕ್ಕಿಸಿದರೆ ‘ಇಂಡೆಂಟ್ ಯೂಸಿಂಗ್’ ಮತ್ತು ‘ಕನ್ವರ್ಟ್ ಇಂಡೆಂಟೇಶನ್’ ಎಂಬ ಎರಡು ಬಗೆಯ ಆಯ್ಕೆಗಳು ಬರುತ್ತವೆ. ಮೊದಲನೆಯದು ಇನ್ನು ಮುಂದೆ ಟೈಪ್ ಮಾಡುವುದಕ್ಕೆ ಮಾತ್ರ, ಎರಡನೆಯದು ಈಗಾಗಲೇ ಇರುವುದನ್ನೂ ಬದಲಿಸುತ್ತದೆ. ಆತುರದಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಬೇಡಿ.

ವಿಮ್‌ನಲ್ಲಿ ಸೆಟ್ಟಿಂಗ್‌ಗಳು ಹೆಚ್ಚು, ಗೊಂದಲವೂ ಹೆಚ್ಚು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಟ್ಯಾಬ್‌ಸ್ಟಾಪ್’ ಎಂದರೆ ಫೈಲಿನಲ್ಲಿರುವ ಟ್ಯಾಬ್ ಪರದೆಯ ಮೇಲೆ ಎಷ್ಟು ಅಗಲ ಕಾಣಬೇಕು ಎಂಬುದು. ‘ಶಿಫ್ಟ್‌ವಿಡ್ತ್’ ಎಂದರೆ ಒಂದು ಹಂತದ ಇಂಡೆಂಟಿಗೆ ಎಷ್ಟು ಕಾಲಮ್ ಎಂಬುದು. ಎರಡರ ಮೂಲ ಬೆಲೆಯೂ 8. ‘ಸಾಫ್ಟ್‌ಟ್ಯಾಬ್‌ಸ್ಟಾಪ್’ ಟ್ಯಾಬ್ ಕೀಲಿ ಮತ್ತು ಬ್ಯಾಕ್‌ಸ್ಪೇಸ್ ಕೀಲಿಗಳ ನಡತೆಯನ್ನು ನಿರ್ಧರಿಸುತ್ತದೆ. ‘ಎಕ್ಸ್‌ಪ್ಯಾಂಡ್‌ಟ್ಯಾಬ್’ ಇದ್ದರೆ ಟ್ಯಾಬ್ ಬೀಳುವಲ್ಲಿ ಸ್ಪೇಸ್ ಬೀಳುತ್ತದೆ. ನಾನು ಇಟ್ಟುಕೊಂಡಿರುವ ಜೋಡಣೆ ಇದು: ಎಕ್ಸ್‌ಪ್ಯಾಂಡ್‌ಟ್ಯಾಬ್ ಚಾಲೂ, ಶಿಫ್ಟ್‌ವಿಡ್ತ್ 4, ಸಾಫ್ಟ್‌ಟ್ಯಾಬ್‌ಸ್ಟಾಪ್ −1. ಋಣ ಬೆಲೆ ಕೊಟ್ಟರೆ ಅದು ಶಿಫ್ಟ್‌ವಿಡ್ತನ್ನೇ ಅನುಸರಿಸುತ್ತದೆ, ಒಂದೇ ಅಂಕಿಯನ್ನು ಎರಡು ಕಡೆ ಬದಲಿಸುವ ತಾಪತ್ರಯ ತಪ್ಪುತ್ತದೆ. ಟ್ಯಾಬ್‌ಸ್ಟಾಪನ್ನು 8ರಲ್ಲೇ ಬಿಟ್ಟಿದ್ದೇನೆ. ಹಾಗೆ ಬಿಟ್ಟರೆ ಸ್ಪೇಸ್‌ಗಳ ನಡುವೆ ಟ್ಯಾಬ್ ನುಸುಳಿದ್ದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಇವೆಲ್ಲ ಅಗಲದ ಮಾತಾಯಿತು. ಎಂಟರ್ ಒತ್ತಿದಾಗ ಹೊಸ ಸಾಲು ಎಲ್ಲಿ ಶುರುವಾಗಬೇಕು ಎಂದು ಲೆಕ್ಕಹಾಕುವುದು ಬೇರೆ ವಿಷಯ. ‘ಆಟೋಇಂಡೆಂಟ್’ ಮೇಲಿನ ಸಾಲಿನ ಇಂಡೆಂಟನ್ನು ನಕಲು ಮಾಡುತ್ತದೆ, ಅಷ್ಟೆ. ‘ಸ್ಮಾರ್ಟ್‌ಇಂಡೆಂಟ್’ ಕರ್ಲಿ ಬ್ರೇಸ್ ನೋಡಿ ಒಂದು ಹಂತ ಒಳಗೆ ಹೋಗುತ್ತದೆ. ‘ಸಿಇಂಡೆಂಟ್’ ಸಿ ಭಾಷೆಯ ವ್ಯಾಕರಣವನ್ನು ಇನ್ನಷ್ಟು ಬಲ್ಲದು. ಆದರೆ ‘ಫೈಲ್‌ಟೈಪ್ ಪ್ಲಗಿನ್ ಇಂಡೆಂಟ್ ಆನ್’ ಎಂಬ ಒಂದೇ ಸಾಲನ್ನು ಸೆಟ್ಟಿಂಗ್ ಫೈಲಿನಲ್ಲಿ ಬರೆದರೆ ಆಯಾ ಭಾಷೆಗೆಂದೇ ಬರೆದ ಇಂಡೆಂಟ್ ನಿಯಮಗಳು ಜಾರಿಗೆ ಬರುತ್ತವೆ. ಅದಿದ್ದ ಮೇಲೆ ಸ್ಮಾರ್ಟ್‌ಇಂಡೆಂಟನ್ನು ಬಿಟ್ಟುಬಿಡಿ. ಹ್ಯಾಶ್ ಚಿಹ್ನೆಯಿಂದ ಸಾಲು ಶುರುಮಾಡಿದರೆ ಅದು ಇಂಡೆಂಟನ್ನು ಕಿತ್ತು ಸಾಲನ್ನು ಎಡ ಅಂಚಿಗೆ ತಳ್ಳುತ್ತದೆ. ಸಿ ಭಾಷೆಗೆ ಅದು ಸರಿ. ಹ್ಯಾಶ್‌ನಿಂದ ಟಿಪ್ಪಣಿ ಬರೆಯುವ ಭಾಷೆಗಳಲ್ಲಿ ಕಿರಿಕಿರಿ.

ಭಾಷೆಯ ಪ್ಲಗಿನ್ ನಿಮ್ಮ ಅಂಕಿಗಳನ್ನು ಮೀರಿ ತನ್ನದನ್ನು ಹಾಕುವುದೂ ಉಂಟು. ಹಾಗಾದಾಗ ‘:ವರ್ಬೋಸ್ ಸೆಟ್ ಶಿಫ್ಟ್‌ವಿಡ್ತ್?’ ಎಂದು ಕೇಳಿ. ಈಗಿನ ಬೆಲೆ ಎಷ್ಟು, ಅದನ್ನು ಕೊನೆಯದಾಗಿ ಬದಲಿಸಿದ್ದು ಯಾವ ಫೈಲು ಎಂಬುದನ್ನು ವಿಮ್ ಹೇಳುತ್ತದೆ. ವಿಮ್ ಕಲಿಯುವವರಿಗೆಲ್ಲ ನಾನು ಮೊದಲು ಹೇಳಿಕೊಡುವ ಆಜ್ಞೆ ಇದು. ನಿಮ್ಮ ಮಾತೇ ಕೊನೆಯ ಮಾತಾಗಬೇಕಿದ್ದರೆ ಆ ಭಾಷೆಯ ಸೆಟ್ಟಿಂಗ್‌ಗಳನ್ನು ‘ಆಫ್ಟರ್’ ಫೋಲ್ಡರ್‌ನೊಳಗಿನ ‘ಎಫ್‌ಟಿಪ್ಲಗಿನ್’ ಫೋಲ್ಡರ್‌ನಲ್ಲಿ ಭಾಷೆಯ ಹೆಸರಿನ ಫೈಲಿಗೆ ಹಾಕಿ.

ಈಮ್ಯಾಕ್ಸ್‌ನಲ್ಲಿ ಟ್ಯಾಬ್ ಕೀಲಿಯ ಅರ್ಥವೇ ಬೇರೆ. ಪ್ರೋಗ್ರಾಮಿಂಗ್ ಮೋಡ್‌ಗಳಲ್ಲಿ ಅದು ಖಾಲಿ ಜಾಗ ಸೇರಿಸುವುದಿಲ್ಲ, ಕರ್ಸರ್ ಎಲ್ಲಿದ್ದರೂ ಆ ಸಾಲನ್ನು ಇರಬೇಕಾದ ಜಾಗಕ್ಕೆ ತರುತ್ತದೆ. ಸ್ಪೇಸ್ ಬೇಕೆನ್ನುವವರು ‘ಇಂಡೆಂಟ್-ಟ್ಯಾಬ್ಸ್-ಮೋಡ್’ ಅನ್ನು ‘ಸೆಟ್‌ಕ್ಯು-ಡಿಫಾಲ್ಟ್’ ಮೂಲಕ ‘ನಿಲ್’ ಮಾಡಬೇಕು. ಅಗಲಕ್ಕೆ ಮಾತ್ರ ಪ್ರತಿ ಭಾಷೆಗೂ ಪ್ರತ್ಯೇಕ ಹೆಸರು: ಸಿ ಭಾಷೆಗೆ ‘ಸಿ-ಬೇಸಿಕ್-ಆಫ್‌ಸೆಟ್’, ಪೈಥಾನ್‌ಗೆ ‘ಪೈಥಾನ್-ಇಂಡೆಂಟ್-ಆಫ್‌ಸೆಟ್’, ಜಾವಾಸ್ಕ್ರಿಪ್ಟ್‌ಗೆ ‘ಜೆಎಸ್-ಇಂಡೆಂಟ್-ಲೆವೆಲ್’. ಎಡಿಟರ್‌ಕಾನ್ಫಿಗ್ ಇದ್ದರೆ ಇವುಗಳನ್ನೆಲ್ಲ ಒಂದೊಂದಾಗಿ ಬರೆಯುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.

ಹೆಜ್ಜೆ 4: ಹಳೆಯ ಕೋಡನ್ನು ಸರಿಪಡಿಸುವುದು

ವಿಮ್‌ನಲ್ಲಿ ಇಡೀ ಫೈಲನ್ನು ಮರುಇಂಡೆಂಟ್ ಮಾಡಲು ಎರಡು ಬಾರಿ ಸಣ್ಣ ಜಿ, ಆಮೇಲೆ ಸಮ ಚಿಹ್ನೆ, ಆಮೇಲೆ ದೊಡ್ಡ ಜಿ ಒತ್ತಬೇಕು. ಒಂದೇ ಸಾಲಿಗಾದರೆ ಎರಡು ಬಾರಿ ಸಮ ಚಿಹ್ನೆ. ವಿಎಸ್ ಕೋಡ್‌ನ ಆಜ್ಞಾ ಪಟ್ಟಿಯಲ್ಲಿ ‘ರೀಇಂಡೆಂಟ್ ಲೈನ್ಸ್’ ಇದೆ. ಈಮ್ಯಾಕ್ಸ್‌ನಲ್ಲಿ ಎಲ್ಲವನ್ನೂ ಆಯ್ದುಕೊಂಡು ‘ಇಂಡೆಂಟ್-ರೀಜನ್’ ಓಡಿಸಬೇಕು.

ಇವುಗಳನ್ನು ಬರೀ ಅಂದಕ್ಕಾಗಿ ಬಳಸುವವರೇ ಹೆಚ್ಚು. ನನಗೆ ಇವು ತಪ್ಪು ಹಿಡಿಯುವ ಉಪಕರಣಗಳು. ಎಲ್ಲೋ ಒಂದು ಬ್ರೇಸ್ ಮುಚ್ಚದೆ ಉಳಿದಿದ್ದರೆ ಮರುಇಂಡೆಂಟ್ ಮಾಡಿದ ಕೂಡಲೇ ಅಲ್ಲಿಂದ ಕೆಳಗಿನ ಕೋಡೆಲ್ಲ ಒಂದು ಹಂತ ಬಲಕ್ಕೆ ಸರಿಯುತ್ತದೆ. ತಪ್ಪು ಇರುವುದು ಆ ತಿರುವಿನ ಹತ್ತಿರವೇ. 2014ರ ಫೆಬ್ರುವರಿಯಲ್ಲಿ ಆಪಲ್ ತನ್ನ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ) ಕೋಡಿನಲ್ಲಿ ಸರಿಪಡಿಸಿದ ‘ಗೋಟು ಫೇಲ್’ ದೋಷವನ್ನು ನೆನಪಿಸಿಕೊಳ್ಳಿ. ‘ಇಫ್’ ಷರತ್ತಿನ ಕೆಳಗೆ ಒಂದೇ ಸಾಲು ಎರಡು ಬಾರಿ ಬಿದ್ದಿತ್ತು. ಎರಡನೆಯದೂ ಷರತ್ತಿನ ಒಳಗೇ ಇದೆ ಎಂಬಂತೆ ಇಂಡೆಂಟ್ ಆಗಿತ್ತು. ಬ್ರೇಸ್ ಇಲ್ಲದ್ದರಿಂದ ಅದು ನಿಜಕ್ಕೂ ಹೊರಗಿತ್ತು, ಪ್ರತಿ ಸಲವೂ ಓಡುತ್ತಿತ್ತು, ಸಹಿಯ ಪರಿಶೀಲನೆಯನ್ನು ಹಾರಿಸಿಬಿಡುತ್ತಿತ್ತು. ಮರುಇಂಡೆಂಟ್ ಮಾಡಿದ್ದರೆ ಆ ಸಾಲು ಒಂದು ಹಂತ ಎಡಕ್ಕೆ ಬಂದು ತಾನು ಎಲ್ಲಿದ್ದೇನೆಂದು ತೋರಿಸಿಬಿಡುತ್ತಿತ್ತು. ಜಿಸಿಸಿ ಕಂಪೈಲರ್‌ನ 6ನೆಯ ಆವೃತ್ತಿಯಿಂದ ಇಂಥ ದಾರಿತಪ್ಪಿಸುವ ಇಂಡೆಂಟಿಗೆ ಪ್ರತ್ಯೇಕ ಎಚ್ಚರಿಕೆ ಇದೆ. ಸಿ ಬರೆಯುವವರು ‘-ಡಬ್ಲ್ಯೂಆಲ್’ ಆಯ್ಕೆ ಬಳಸುತ್ತಿದ್ದರೆ ಅದು ತಾನಾಗಿಯೇ ಚಾಲೂ ಇರುತ್ತದೆ.

ಇಷ್ಟೆಲ್ಲ ಹೊಗಳಿದ ಉಪಕರಣವನ್ನು ಪೈಥಾನ್ ಫೈಲಿನ ಮೇಲೆ ಓಡಿಸಬೇಡಿ. ಅಲ್ಲಿ ಇಂಡೆಂಟೇ ಕೋಡಿನ ಅರ್ಥ. ಒಂದು ಸಾಲು ಲೂಪಿನ ಒಳಗಿದೆಯೋ ಹೊರಗಿದೆಯೋ ಎಂದು ಹೇಳಲು ಬೇರೆ ಗುರುತಿಲ್ಲದಿದ್ದಾಗ ಎಡಿಟರ್ ಅದನ್ನು ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ದೋಷದ ಸಂದೇಶವೂ ಬರದೆ ಲೆಕ್ಕವೇ ಬದಲಾಗಿಬಿಡಬಹುದು. ಟ್ಯಾಬನ್ನು ಸ್ಪೇಸಿಗೆ ತಿರುಗಿಸುವುದು, ಬ್ಲಾಕನ್ನು ಆಯ್ದು ಒಂದು ಹಂತ ಆಚೀಚೆ ಸರಿಸುವುದು ಅಪಾಯವಿಲ್ಲದ ಕೆಲಸಗಳು. ಟ್ಯಾಬ್ ಮತ್ತು ಸ್ಪೇಸ್ ಅಸಂಗತವಾಗಿ ಬೆರೆತಿದ್ದರೆ ಪೈಥಾನ್ 3 ‘ಟ್ಯಾಬ್ ಎರರ್’ ಕೊಟ್ಟು ನಿಲ್ಲುತ್ತದೆ, ಅಷ್ಟರಮಟ್ಟಿಗೆ ಅದು ನಮ್ಮ ಪರ. ಅಗಲ ಬದಲಿಸಬೇಕೆಂದರೆ ಬ್ಲ್ಯಾಕ್‌ನಂಥ ಫಾರ್ಮ್ಯಾಟರ್ ಬಳಸಿ. ಅದು ಕೋಡನ್ನು ವ್ಯಾಕರಣಬದ್ಧವಾಗಿ ಓದಿ ಮತ್ತೆ ಬರೆಯುತ್ತದೆ, ಹಳೆಯದಕ್ಕೂ ಹೊಸದಕ್ಕೂ ಅರ್ಥ ಒಂದೇ ಎಂದು ತಾನೇ ತಾಳೆ ನೋಡುತ್ತದೆ.

ಈಗ ಮೊದಲಿಗೆ ಹೇಳಿದ ಕಮಿಟ್‌ನ ಪ್ರಕರಣಕ್ಕೆ ಬರೋಣ. ಮರುಇಂಡೆಂಟ್ ಮಾಡಿದ್ದು ಯಾವಾಗಲೂ ಪ್ರತ್ಯೇಕ ಕಮಿಟ್ ಆಗಿರಲಿ, ಅದರಲ್ಲಿ ಬೇರೆ ಯಾವ ಬದಲಾವಣೆಯೂ ಬೇಡ. ಕಮಿಟ್ ಮಾಡುವ ಮೊದಲು, ಬದಲಾದ ಸಾಲುಗಳನ್ನು ತೋರಿಸುವ ‘ಗಿಟ್ ಡಿಫ್ -ಡಬ್ಲ್ಯೂ’ ಓಡಿಸಿ (ಕಮಿಟ್‌ಗಳನ್ನು ದಾಖಲಿಸುವ ಉಪಕರಣವೇ ಗಿಟ್). ಖಾಲಿ ಜಾಗದ ವ್ಯತ್ಯಾಸಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಡೆಂಟ್ ಮಾತ್ರ ಬದಲಾಗಿದ್ದರೆ ಉತ್ತರ ಖಾಲಿ ಬರಬೇಕು. ಪೈಥಾನ್‌ಗೆ ಈ ಪರೀಕ್ಷೆ ಸಾಲದು, ಕಾರಣ ಈಗಾಗಲೇ ಹೇಳಿದ್ದೇ. ಆಮೇಲೆ ಆ ಕಮಿಟ್‌ನ ಗುರುತು ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಗಿಟ್‌ನ ‘ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್’ ಸೆಟ್ಟಿಂಗ್‌ಗೆ ಆ ಫೈಲಿನ ಹೆಸರು ಕೊಡಿ. 2019ರಲ್ಲಿ ಬಂದ ಗಿಟ್ 2.23ರಿಂದ ಈ ಸೌಲಭ್ಯವಿದೆ. ಯಾವ ಸಾಲನ್ನು ಯಾರು ಬರೆದರು ಎಂದು ಮುಂದೆ ಹುಡುಕುವವರಿಗೆ ಎಲ್ಲ ಸಾಲಿನ ಮೇಲೂ ನಿಮ್ಮ ಹೆಸರು ಕಾಣದೆ ನಿಜವಾಗಿ ಬರೆದವರ ಹೆಸರು ಕಾಣುತ್ತದೆ.

ಹೆಜ್ಜೆ 5: ಅಲೈನ್ ಮಾಡುವುದು, ಮಾಡದಿರುವುದು

ಸಮ ಚಿಹ್ನೆಗಳನ್ನೆಲ್ಲ ಒಂದೇ ನೇರಕ್ಕೆ ತರುವ ಅಭ್ಯಾಸ ನನಗೂ ಇತ್ತು, ಬಿಟ್ಟಿದ್ದೇನೆ. ಹತ್ತು ಸಾಲಿನ ಗುಂಪಿಗೆ ಉದ್ದನೆಯ ಹೆಸರಿನ ಒಂದು ವೇರಿಯಬಲ್ ಸೇರಿದರೆ ಉಳಿದ ಹತ್ತನ್ನೂ ಸರಿಸಬೇಕು. ಬದಲಾದದ್ದು ಒಂದು, ಡಿಫ್‌ನಲ್ಲಿ ಕಾಣುವುದು ಹನ್ನೊಂದು. ಆರ್ಗ್ಯುಮೆಂಟ್‌ಗಳನ್ನು ಆವರಣದ ಕೆಳಗೇ ಜೋಡಿಸಿದರೂ ಇದೇ ಪಾಡು, ಫಂಕ್ಷನ್‌ನ ಹೆಸರು ಬದಲಿಸಿದರೆ ಕೆಳಗಿನ ಸಾಲುಗಳೆಲ್ಲ ಓರೆಯಾಗುತ್ತವೆ. ಆವರಣ ತೆರೆದ ಕೂಡಲೇ ಸಾಲು ಮುರಿದು, ಆರ್ಗ್ಯುಮೆಂಟ್‌ಗಳನ್ನು ಒಂದು ಹಂತ ಒಳಗೆ ಇಂಡೆಂಟ್ ಮಾಡಿ. ಹೆಸರು ಎಷ್ಟೇ ಉದ್ದವಾದರೂ ಅವು ಅಲ್ಲಾಡುವುದಿಲ್ಲ.

ದತ್ತಾಂಶದ ಕೋಷ್ಟಕ, ಮ್ಯಾಟ್ರಿಕ್ಸ್, ಬಿಟ್‌ಗಳ ಪಟ್ಟಿ ಇಂಥವುಗಳಲ್ಲಿ ಮಾತ್ರ ಕಾಲಮ್ ನೇರವಾಗಿದ್ದರೆ ಓದುವ ಕಣ್ಣಿಗೆ ತಪ್ಪು ಸಿಗುತ್ತದೆ. ಅಲ್ಲಿ ಅಲೈನ್ ಮಾಡಿ, ಆದರೆ ಸ್ಪೇಸ್ ಒತ್ತಿ ಕೈಯಿಂದ ಮಾಡಬೇಡಿ. ಈಮ್ಯಾಕ್ಸ್‌ನ ‘ಅಲೈನ್-ರೆಜೆಕ್ಸ್‌ಪ್’ ನೀವು ಕೊಟ್ಟ ಚಿಹ್ನೆಯನ್ನು ಹಿಡಿದು ಸಾಲುಗಳನ್ನು ಜೋಡಿಸುತ್ತದೆ, ಇಂಡೆಂಟ್-ಟ್ಯಾಬ್ಸ್-ಮೋಡ್ ಆಫ್ ಮಾಡಿದ್ದೀರಾ ಎಂದು ಮೊದಲು ನೋಡಿಕೊಳ್ಳಿ, ಇಲ್ಲವಾದರೆ ನಡುವೆ ಟ್ಯಾಬ್‌ಗಳು ಸೇರಿಕೊಳ್ಳುತ್ತವೆ. ವಿಮ್‌ನಲ್ಲಿ ಸಾಲುಗಳನ್ನು ಆಯ್ದು ಯುನಿಕ್ಸ್‌ನ ‘ಕಾಲಮ್ -ಟಿ’ ಆಜ್ಞೆಯ ಮೂಲಕ ಹಾಯಿಸಬಹುದು. ಆರಂಭದ ಇಂಡೆಂಟ್ ಅಳಿಸಿಹೋಗುವುದರಿಂದ ಆಮೇಲೆ ಮರುಇಂಡೆಂಟ್ ಮಾಡಬೇಕು. ಸಿ ಮತ್ತು ಸಿ++ನಲ್ಲಿ ಕ್ಲ್ಯಾಂಗ್-ಫಾರ್ಮ್ಯಾಟ್‌ನ ‘ಅಲೈನ್ ಕಾನ್ಸೆಕ್ಯುಟಿವ್ ಅಸೈನ್‌ಮೆಂಟ್ಸ್’ ಆಯ್ಕೆ ಈ ಕೆಲಸ ಮಾಡುತ್ತದೆ. ಗೋ ಬರೆಯುವವರಿಗೆ ಈ ಚಿಂತೆಯೇ ಇಲ್ಲ, ಸ್ಟ್ರಕ್ಟ್‌ನ ಅಂಶಗಳನ್ನೂ ಸಾಲಿನ ಕೊನೆಯ ಟಿಪ್ಪಣಿಗಳನ್ನೂ ಫಾರ್ಮ್ಯಾಟರೇ ಜೋಡಿಸುತ್ತದೆ.

ಕೋಡಿನೊಳಗೆ ಕನ್ನಡ ಪಠ್ಯವಿದ್ದರೆ ಇನ್ನೊಂದು ತೊಡಕಿದೆ. ‘ಕನ್ನಡ’ ಎಂಬುದು ನಮಗೆ ಮೂರು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಐದು ಸಂಕೇತ. ಒತ್ತಕ್ಷರದ ಅಗಲವೂ ಫಾಂಟಿನಿಂದ ಫಾಂಟಿಗೆ ಬೇರೆ. ಎಣಿಸಿ ಹಾಕಿದ ಸ್ಪೇಸ್ ಯಾವ ಪರದೆಯ ಮೇಲೂ ನಿಖರವಾಗಿ ಕೂರುವುದಿಲ್ಲ. ಅಂಥ ಕೋಷ್ಟಕದಲ್ಲಿ ಕನ್ನಡ ಪದಗಳ ಕಾಲಮನ್ನು ಕೊನೆಗೆ ಇಡಿ, ಅದರ ಬಲಕ್ಕೆ ಜೋಡಿಸಬೇಕಾದದ್ದು ಏನೂ ಉಳಿಯದಿರಲಿ.

ಹೆಜ್ಜೆ 6: ಉಳಿಸಿದಾಗಲೆಲ್ಲ ತಾನಾಗಿ

ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಹಳೆಯ ಕೋಡ್ ಸರಿಹೋಗುವ ಮೊದಲೇ ‘ಫಾರ್ಮ್ಯಾಟ್ ಆನ್ ಸೇವ್’ ಚಾಲೂ ಮಾಡಿದರೆ ಪ್ರತಿ ಚಿಕ್ಕ ತಿದ್ದುಪಡಿಯೂ ಇಡೀ ಫೈಲಿನ ತಿದ್ದುಪಡಿಯಾಗುತ್ತದೆ. ಹಳೆಯದನ್ನು ಮುಟ್ಟುವ ಅನುಮತಿಯೇ ಇಲ್ಲದ ಯೋಜನೆಯಲ್ಲಿ ವಿಎಸ್ ಕೋಡ್‌ನ ‘ಫಾರ್ಮ್ಯಾಟ್ ಆನ್ ಸೇವ್ ಮೋಡ್’ ಅನ್ನು ‘ಮಾಡಿಫಿಕೇಶನ್ಸ್’ಗೆ ಇಡಿ. ಫಾರ್ಮ್ಯಾಟರ್ ಅದಕ್ಕೆ ಹೊಂದುವಂಥದ್ದಾಗಿದ್ದರೆ ನೀವು ಬದಲಿಸಿದ ಸಾಲುಗಳು ಮಾತ್ರ ಸರಿಯಾಗುತ್ತವೆ. ಒಂದೇ ಭಾಷೆಗೆ ಎರಡು ಫಾರ್ಮ್ಯಾಟರ್ ಹಾಕಿಕೊಂಡಿದ್ದರೆ ‘ಡಿಫಾಲ್ಟ್ ಫಾರ್ಮ್ಯಾಟರ್’ನಲ್ಲಿ ಒಂದನ್ನೇ ಹೆಸರಿಸಿ.

ಟರ್ಮಿನಲ್‌ನ ಹಳೆಯ ವಿಮ್‌ನಲ್ಲಿ ಹೊರಗಿನಿಂದ ಅಂಟಿಸಿದ ಕೋಡ್ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರುತ್ತಿದ್ದರೆ, ಅಂಟಿಸಿದ ಪ್ರತಿ ಸಾಲನ್ನೂ ಅದು ಟೈಪ್ ಮಾಡಿದ್ದೆಂದು ತಿಳಿದು ಇಂಡೆಂಟ್ ಸೇರಿಸುತ್ತಿದೆ ಎಂದರ್ಥ. ‘:ಸೆಟ್ ಪೇಸ್ಟ್’ ಮಾಡಿ ಅಂಟಿಸಿ, ಆಮೇಲೆ ‘:ಸೆಟ್ ನೋಪೇಸ್ಟ್’ ಮಾಡಿ. ಎರಡನೆಯದನ್ನು ಮರೆತರೆ ತಾನಾಗಿ ಆಗಬೇಕಾದ ಇಂಡೆಂಟೆಲ್ಲ ನಿಂತಿರುತ್ತದೆ.

ಎಲ್ಲವೂ ಕೂಡಿಬಂದಿದೆಯೇ ಎಂದು ತಿಳಿಯಲು ಒಂದು ಫಂಕ್ಷನ್‌ನ ಇಂಡೆಂಟನ್ನು ಬೇಕೆಂದೇ ಕೆಡಿಸಿ, ಬ್ರೇಸ್ ಇರುವ ಭಾಷೆಯಲ್ಲೇ ಇದನ್ನು ಮಾಡಿ. ಫೈಲನ್ನು ಉಳಿಸಿ, ಅದು ನೇರವಾಗಬೇಕು. ಏನನ್ನೂ ಮುಟ್ಟದೆ ಇನ್ನೊಮ್ಮೆ ಉಳಿಸಿ, ಈ ಸಲ ಒಂದು ಸ್ಪೇಸ್ ಕೂಡ ಅಲ್ಲಾಡಬಾರದು. ಅಲ್ಲಾಡಿದರೆ ಎರಡು ಉಪಕರಣಗಳು ಒಂದೇ ಸಾಲಿಗಾಗಿ ಜಗ್ಗಾಡುತ್ತಿವೆ, ಬಹುಶಃ ಫಾರ್ಮ್ಯಾಟರ್ ಒಂದು ಕಡೆ, ಲಿಂಟರ್ (ಕೋಡಿನ ತಪ್ಪು ಮತ್ತು ಶೈಲಿಯನ್ನು ಪರೀಕ್ಷಿಸುವ ಉಪಕರಣ) ಇನ್ನೊಂದು ಕಡೆ. ಲಿಂಟರ್‌ನ ಇಂಡೆಂಟ್ ನಿಯಮಗಳನ್ನು ಆಫ್ ಮಾಡಿ ಮತ್ತೆ ಎರಡು ಸಲ ಉಳಿಸಿ ನೋಡಿ.